ಕಿವಿಯಣ್ಣನ ಕೋಣೆಯ ಗೋಡೆ

ವುಡ್‌ರಿಡ್ಜ್

ಅಮೆರಿಕಕ್ಕೆ ಹೋಗಿಬಂದವರು ಅಲ್ಲಿನ ರಸ್ತೆ, ಸೇತುವೆ, ಜಲಪಾತಗಳ ಬಗ್ಗೆ ಬರೆಯುತ್ತಾರೆ. ನಾನು ಒಂದು ಗೋಡೆಯ ಬಗ್ಗೆ ಬರೆಯಬೇಕಾಗಿದೆ. ಮೂರಡಿ ಅಗಲದ ಕ್ಯಾನ್‌ವಾಸಿನ ಮೇಲಿರುವ ಗೋಡೆ ಅದು. ಅದಕ್ಕೆ ಒರಗಿ ನಿಲ್ಲಲಾಗದು, ಮೊಳೆ ಹೊಡೆದು ಕ್ಯಾಲೆಂಡರ್ ತೂಗುಹಾಕಲಾಗದು. ಆದರೂ ಈ ಎಪ್ಪತ್ತೇಳನೆಯ ವಯಸ್ಸಿನಲ್ಲಿ ನಾನು ತಲೆ ಚಚ್ಚಿಕೊಂಡದ್ದು ಆ ಗೋಡೆಗೇ.

ಇಳಿದುಕೊಂಡದ್ದು ಶಿಕಾಗೋ ಹತ್ತಿರದ ಈ ಊರಿನಲ್ಲಿ, ಅಕ್ಕನ ಮಗಳು ಸುಮಾಳ ಮನೆಯಲ್ಲಿ. ಧಾರವಾಡದಲ್ಲಿ ಬೆಳೆದ ಹುಡುಗಿ, ಈಗ ಡಾಕ್ಟರು. ಅವಳಿರುವ ಬಡಾವಣೆಯಲ್ಲಿ, ಇಲ್ಲಿನವರ ಸಬ್‌ಡಿವಿಷನ್ನಿನಲ್ಲಿ, ಎಲ್ಲ ಮನೆಗಳೂ ಒಂದೇ ಅಚ್ಚಿನಲ್ಲಿ ತೆಗೆದ ಸಕ್ಕರೆ ಗೊಂಬೆಗಳ ಹಾಗೆ. ಏಪ್ರಿಲ್ ತಿಂಗಳು, ಮರಗಳಲ್ಲಿ ಎಲೆಯಿಲ್ಲ, ಆದರೆ ಕೊಂಬೆಗಳ ತುದಿಯಲ್ಲಿ ಏನೋ ಕೆಂಪಗೆ ಮಬ್ಬಾಗಿ ಹಬ್ಬಿರುತ್ತದೆ, ನಿದ್ದೆಯಿಂದ ಎದ್ದ ಮಗುವಿನ ಕೆನ್ನೆಯಂತೆ. ಅದನ್ನೇ ನೋಡುತ್ತಾ ಬೆಳಗಿನ ವಾಕಿಂಗ್ ಮುಗಿಸಿ ಬಂದು ಬೆಲ್ ಒತ್ತಿದರೆ ಬಾಗಿಲು ತೆರೆದದ್ದು ಗೌನು ತೊಟ್ಟ, ಕಾಫಿ ಮಗ್ ಹಿಡಿದ ಆಜಾನುಬಾಹು ಮುದುಕ.

"ಟೂ ಡೋರ್ಸ್ ಡೌನ್, ಡಿಯರ್," ಎಂದ.

ನಮ್ಮೂರಲ್ಲಾಗಿದ್ದರೆ ಯಾರ ಮನೆ ಬೇಕಿತ್ತು, ನೀವು ಯಾವ ಕಡೆಯವರು ಎಂದು ವಿಚಾರಿಸಿ, ಆ ಕಾಫಿಯಲ್ಲಿ ಅರ್ಧ ನನಗೂ ಕೊಟ್ಟು ಕಳಿಸುತ್ತಿದ್ದರು. ಇಲ್ಲಿ ನಗು ಮಾತ್ರ ಕೊಟ್ಟು ಬಾಗಿಲು ಹಾಕುತ್ತಾರೆ. ನಗುವೇನೋ ಒಳ್ಳೆಯದೇ.

"ಮೌಶಿ, ಮೂರನೇ ಸಲ ಆತು," ಎಂದು ಸುಮಾ ನಕ್ಕಳು. "ಆ ಅಂಕಲ್ ಈಗ ನೀವು ಬರೂ ಹೊತ್ತಿಗೆ ಬಾಗ್ಲಾಗ ನಿಂತು ಕಾಯಾಕತ್ತಾರ."

ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ದಾವಣಗೆರೆಯ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಮೂವತ್ತು ವರ್ಷ ಚಿತ್ರಕಲೆಯ ಇತಿಹಾಸ ಹೇಳಿಕೊಟ್ಟೆ. ನನ್ನ ಆಸ್ತಿಯೆಂದರೆ ಕಾನ್ವೆಂಟಿನ ಸಿಸ್ಟರ್ ಒಬ್ಬರು ರಿಟೈರ್ ಆಗಿ ಹೋಗುವಾಗ ಕೈಗಿಟ್ಟ ಒಂದು ಮರದ ಪೆಟ್ಟಿಗೆ, ಅದರ ತುಂಬ ಯುರೋಪಿನ ಚಿತ್ರಗಳ ಸ್ಲೈಡುಗಳು. ಕಿಟಕಿಗೆ ಕಂಬಳಿ ಹೊದೆಸಿ, ಹಾಸ್ಟೆಲಿನ ಬಿಳಿ ಚಾದರ ಕಟ್ಟಿ, ಅದರ ಮೇಲೆ ಪ್ಯಾರಿಸ್ಸನ್ನು ಬೆಳಗಿಸುತ್ತಿದ್ದೆ. ಆ ಫ್ರೆಂಚ್ ಹೆಸರುಗಳು ಹುಡುಗಿಯರ ಬಾಯಲ್ಲಿ ಹೊರಳುತ್ತಿರಲಿಲ್ಲ. ಅವರೇ ನೆಂಟರ ಹೆಸರಿಟ್ಟರು. ಒಂದೇ ಹುಲ್ಲುಬಣವೆಯನ್ನು ಬೆಳಗ್ಗೆ, ಸಂಜೆ, ಹಿಮದಲ್ಲಿ ಬರೆದು ಬರೆದು ಸಾಕಾಗದೆ, ಮುಪ್ಪಿನಲ್ಲಿ ಕಣ್ಣಿಗೆ ಪೊರೆ ಬಂದರೂ ಕೊಳದ ತಾವರೆ ಬಿಡದವನು ಬಣವೆ ತಾತ. ಚುಕ್ಕಿ ಇಟ್ಟಿಟ್ಟೇ ಒಂದು ಪಾರ್ಕು ತುಂಬ ಜನರನ್ನು ನಿಲ್ಲಿಸಿ, ಮೂವತ್ತೊಂದಕ್ಕೇ ತೀರಿಹೋದವನು ಚುಕ್ಕಿ ಮಾವ. ಕಿವಿ ಕೊಯ್ದುಕೊಂಡ ಡಚ್ಚಿನವನು ಕಿವಿಯಣ್ಣ. ಅವರ ನಿಜವಾದ ಹೆಸರುಗಳು ನಿಮಗೆ ಗೊತ್ತೇ ಇರುತ್ತವೆ. ನನಗೆ ಮಾತ್ರ ಈ ವಯಸ್ಸಿನಲ್ಲಿ ಮಾವಂದಿರನ್ನು ಹೆಸರು ಹಿಡಿದು ಕರೆಯಲು ಬಾಯಿ ಬಾರದು.

ಅಮೆರಿಕಕ್ಕೆ ಬಂದದ್ದು ಅವರನ್ನು ಖುದ್ದಾಗಿ ಕಾಣಲಿಕ್ಕೆ.

ಅರೋರಾದಿಂದ ರೈಲು

ಶಿಕಾಗೋದ ಮ್ಯೂಸಿಯಮ್ಮಿಗೆ ಹೋಗಲು ಸುಮಾ ರಜೆ ಹಾಕಿದಳು. ಅರೋರಾದಲ್ಲಿ ಬಾಲಾಜಿ ದರ್ಶನದ ದಿನ ಸ್ಟೇಷನ್ ನೋಡಿದ್ದೆ. ಕಾರು ಬೇಡ, ರೈಲೇ ಆಗಬೇಕು ಎಂದು ಹಠ ಹಿಡಿದಿದ್ದೆ. ಎರಡಂತಸ್ತಿನ ಬೋಗಿ, ಮೇಲಿನ ಅಂತಸ್ತಿನಲ್ಲಿ ಒಂಟಿ ಸೀಟುಗಳು. ಕೆಳಗಿನವರ ಬೋಳುತಲೆಗಳನ್ನು ನೋಡುತ್ತಾ ಕೂತೆ. ಬೆಳಗಿನ ಹೊತ್ತು ಕೆಲಸಕ್ಕೆ ಹೋಗುವ ನೂರಾರು ಜನ, ಆದರೆ ಸದ್ದೇ ಇಲ್ಲ. ನಾನು ಸುಮಾಳಿಗೆ ಚುಕ್ಕಿ ಮಾವನ ಕಥೆ ಹೇಳತೊಡಗಿದೆ. ಅವನು ಮನೆಯಲ್ಲಿ ಒಬ್ಬಳನ್ನು ಇಟ್ಟುಕೊಂಡು ಮಗುವೂ ಆಗಿದ್ದು ಹೆತ್ತ ತಾಯಿಗೇ ಗೊತ್ತಿರಲಿಲ್ಲ ಎಂಬಲ್ಲಿಗೆ ಬರುವಾಗ ಹೆಂಗಸೊಬ್ಬಳು ಎದ್ದು ಬಂದು ಗೋಡೆಯ ಮೇಲಿನ ಬೋರ್ಡು ತೋರಿಸಿದಳು. ಅದು ಕ್ವಯಟ್ ಕಾರ್ ಅಂತೆ. ಮಾತಾಡಕೂಡದ ಬೋಗಿ!

"ಮೌಶಿ, ನಿಮ್ಮ ಕ್ಲಾಸ್‌ರೂಮ್ ವಾಯ್ಸ್ ಶಿಕಾಗೋತನಕ ಕೇಳತೈತಿ," ಎಂದು ಸುಮಾ ಕಿವಿಯಲ್ಲಿ ಉಸುರಿದಳು.

ಬಾಯಿ ಮುಚ್ಚಿ ಕೂತೆ. ಮೌನವಾಗಿರಬೇಕಿದ್ದ ಕಾನ್ವೆಂಟಿನ ರಿಟ್ರೀಟ್ ದಿನಗಳು ನೆನಪಾದವು. ಕಿಟಕಿಯಾಚೆ ಹಿತ್ತಲುಗಳು, ಬಣ್ಣ ಕಳೆದುಕೊಂಡ ಜೋಕಾಲಿಗಳು, ನೀರು ನಿಂತ ಬಯಲುಗಳು ತೇಲಿಹೋದವು. ಮಾತಿಲ್ಲದಾಗ ಎಷ್ಟೊಂದು ಕಾಣುತ್ತದೆ.

ಶಿಕಾಗೋ

ಮ್ಯೂಸಿಯಮ್ಮಿನೊಳಗೆ ಕಾಲಿಟ್ಟಾಗ ಮದುವೆಮನೆಗೆ ತಡವಾಗಿ ಬಂದ ನೆಂಟರ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು. ಚುಕ್ಕಿ ಮಾವನ ಪಾರ್ಕಿನ ಮುಂದೆ ಶಾಲೆಯ ಮಕ್ಕಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಸೀಸದ ಕಡ್ಡಿಯಲ್ಲಿ ಆ ಚಿತ್ರದ ಕೋತಿಯನ್ನು ಬರೆಯುತ್ತಿದ್ದವು. ನಮ್ಮ ಚಾದರಕ್ಕಿಂತ ದೊಡ್ಡ ಚಿತ್ರ. ನಾನು ಹತ್ತಿರ ಹೋದೆ, ಹಿಂದೆ ಬಂದೆ. ಚುಕ್ಕಿಗಳು ಜನರಾದವು, ಜನ ಚುಕ್ಕಿಗಳಾದರು. ಎಷ್ಟು ಹೊತ್ತು ಹೀಗೆ ಹೋಗಿ ಬಂದೆನೋ, ಸುಮಾ ಬೆಂಚಿನ ಮೇಲೆ ತೂಕಡಿಸಿದಳು.

ಬಣವೆ ತಾತನ ಬಣವೆಗಳು ಒಂದೇ ಗೋಡೆಯ ಮೇಲೆ ಸಾಲಾಗಿದ್ದವು. ಅಲ್ಲಿ ಮೊದಲ ಸಲ ಏನೋ ಚುಚ್ಚಿತು. ಹಿಮದ ಮೇಲೆ ಬಿದ್ದ ನೆರಳು ನೀಲಿಯಾಗಿತ್ತು. ತಣ್ಣಗಿನ, ಬಾವಿ ನೀರಿನಂಥ ನೀಲಿ. ನನ್ನ ಸ್ಲೈಡಿನಲ್ಲಿ ಅದು ಗುಲಾಬಿಯಾಗಿತ್ತು.

ಆಮೇಲೆ ಕಿವಿಯಣ್ಣನ ಮಲಗುವ ಕೋಣೆ. ಮಂಚ, ಎರಡು ಕುರ್ಚಿ, ಒಬ್ಬನೇ ಮಲಗುವವನಿಗೆ ಎರಡು ದಿಂಬು. ಮೊದಲು ಬರೆದದ್ದು ತೇವ ತಗುಲಿ ಕೆಟ್ಟಿತೆಂದು, ಆಸ್ಪತ್ರೆಯಲ್ಲಿದ್ದಾಗ ಮತ್ತೆ ಬರೆದದ್ದು ಇದು. ತಾನಿಲ್ಲದ ತನ್ನ ಕೋಣೆಯನ್ನು. ಮೂವತ್ತು ವರ್ಷ ಇದನ್ನು ತೋರಿಸಿ ನಾನು ಹೇಳುತ್ತಿದ್ದ ವಾಕ್ಯ ಇವತ್ತಿಗೂ ಬಾಯಿಪಾಠ: "ನೋಡಿ, ಗೋಡೆಗೆ ಗುಲಾಬಿ ನೇರಳೆ ಬಳಿದಿದ್ದಾನೆ. ಒಂಟಿಯಾದವನು ಸಂಜೆಯನ್ನು ಕರೆತಂದು ಕೋಣೆಯಲ್ಲಿ ಕೂರಿಸಿಕೊಂಡಿದ್ದಾನೆ." ಹುಡುಗಿಯರು ಅದನ್ನು ನೋಟ್ಸಿನಲ್ಲಿ ಬರೆದುಕೊಳ್ಳುತ್ತಿದ್ದರು. ಒಬ್ಬಿಬ್ಬರು ಕಣ್ಣೊರೆಸಿಕೊಂಡದ್ದೂ ಉಂಟು.

ಗೋಡೆ ನೀಲಿ. ಅಪ್ಪಟ ತಿಳಿನೀಲಿ. ಸಂಜೆಯ ಸುಳಿವೇ ಇಲ್ಲ.

ಮೇಷ್ಟರ ಚಾಳಿ, ಬೆರಳು ಚಾಚಿಬಿಟ್ಟೆ. ಕೀ ಎಂದು ಅಲಾರಮ್ ಕೂಗಿತು. ಬೆಳ್ಳಿ ಜಡೆಗಳ ಗಾರ್ಡ್ ಹೆಂಗಸು ನಿಧಾನಕ್ಕೆ ನಡೆದು ಬಂದಳು.

"ಸ್ಟೆಪ್ ಬ್ಯಾಕ್, ಮ್ಯಾಮ್. ಎವ್ರಿಬಡಿ ವಾಂಟ್ಸ್ ಟು ಸಿಟ್ ಆನ್ ದಟ್ ಬೆಡ್."

"ಈಸ್ ಇಟ್ ಆಲ್‌ವೇಸ್ ಬ್ಲೂ?" ಎಂದು ಕೇಳಿದೆ. ಎಂಥ ಪ್ರಶ್ನೆ!

ಅವಳು ನನ್ನ ಮುಖ ನೋಡಿದಳು. "ನಾನಿಲ್ಲಿ ನಿಲ್ಲಲು ಶುರುಮಾಡಿದಾಗಿನಿಂದ ನೀಲಿಯೇ, ಹನೀ," ಎಂದು ಅವಳ ಇಂಗ್ಲಿಷಿನಲ್ಲಿ ಹೇಳಿ, ತನ್ನ ಸ್ಟೂಲನ್ನು ತಂದು ನನ್ನನ್ನು ಕೂರಿಸಿದಳು.

ಅದೇ ಸ್ಟೂಲಿನ ಮೇಲೆ

ಕೂತವಳಿಗೆ ಕಂಡದ್ದು ಚಿತ್ರವಲ್ಲ, ವಸುಧಾ.

ಮೂವತ್ತೈದು ವರ್ಷದ ಹಿಂದೆ ನನ್ನ ಕ್ಲಾಸಿನ ಎರಡನೇ ಬೆಂಚಿನಲ್ಲಿ ಕೂರುತ್ತಿದ್ದ ಎಣ್ಣೆಗಪ್ಪಿನ ಸಣ್ಣ ಹುಡುಗಿ. ಅವಳ ಚಿಕ್ಕಪ್ಪನದು ಪ್ರಿಂಟಿಂಗ್ ಪ್ರೆಸ್. ಒಂದು ದಿನ ನನ್ನ ಸಂಜೆಯ ವಾಕ್ಯ ಮುಗಿಯುತ್ತಿದ್ದ ಹಾಗೆ ಎದ್ದು ನಿಂತು, "ಮಿಸ್, ಆ ಗೋಡೆ ನೀಲಿ," ಎಂದಳು. ಶಾಯಿ ಕಂಪನಿಯವರು ಪ್ರೆಸ್ಸಿಗೆ ಕಳಿಸಿದ್ದ ವಿದೇಶಿ ಕ್ಯಾಲೆಂಡರಿನ ಹಾಳೆಯನ್ನು ಸುರುಳಿ ಸುತ್ತಿ ತಂದಿದ್ದಳು. ನಾನು ಅದನ್ನು ಬಿಚ್ಚಿ ನೋಡಲಿಲ್ಲ. "ಕ್ಯಾಲೆಂಡರ್ ನೋಡಿ ಕಲೆ ಕಲಿಯೋದಿಲ್ಲ, ಸಿಟ್ ಡೌನ್," ಎಂದೆ. ಕ್ಲಾಸೆಲ್ಲ ನಕ್ಕಿತು. ಪರೀಕ್ಷೆಯಲ್ಲೂ ನೀಲಿ ಎಂದೇ ಬರೆದಳು. ನಾನು ಅಡ್ಡಗೆರೆ ಎಳೆದೆ.

ಅಷ್ಟಕ್ಕೆ ಮುಗಿದಿದ್ದರೆ ನಾನು ಈ ಕಥನ ಬರೆಯುತ್ತಿರಲಿಲ್ಲ. ಬರೋಡಾದಲ್ಲಿ ಪೇಂಟಿಂಗ್ ಕಲಿಯಬೇಕೆಂದು ಅವಳು ಶಿಫಾರಸು ಪತ್ರ ಕೇಳಿ ಬಂದಳು. ಬರೆದು ಕೊಟ್ಟೆ, ಕವರಿಗೆ ಅಂಟು ಹಚ್ಚಿ. ಹಾರ್ಡ್‌ವರ್ಕಿಂಗ್, ಸಿನ್ಸಿಯರ್ ಎಂದೆಲ್ಲ ಬರೆದು ಕೊನೆಗೆ ಒಂದು ಸಾಲು ಸೇರಿಸಿದ್ದೆ: ಹರ್ ಐ ಫಾರ್ ಕಲರ್ ಈಸ್ ನಾಟ್ ರಿಲಯಬಲ್. ಅವಳು ಬರೋಡಾಕ್ಕೆ ಹೋಗಲಿಲ್ಲ. ಸೀಟು ಸಿಗಲಿಲ್ಲವೆಂದು ಕೇಳಿ, ನನ್ನ ನಿರ್ಣಯ ಸರಿಯಿತ್ತೆಂದುಕೊಂಡೆ. ಕೆಮಿಸ್ಟ್ರಿ ಓದಿದಳಂತೆ, ಅಮೆರಿಕಕ್ಕೆ ಹೋದಳಂತೆ.

ನೀವು ಕೇಳಬಹುದು, ಈಚೆಗೆ ಟೀವಿಯಲ್ಲಿ, ಫೋನಿನಲ್ಲಿ ಆ ಚಿತ್ರ ಕಾಣಲಿಲ್ಲವೇ ಎಂದು. ಕಂಡಿತ್ತು, ನೀಲಿಯಾಗಿಯೇ. ಪ್ರತಿಸಲವೂ ಸ್ಕ್ರೀನಿನ ದೋಷ ಎಂದುಕೊಂಡೆ. ಅಪರೂಪಕ್ಕೆ ಅನುಮಾನ ಬಂದಾಗ ಫೋನು ಕೆಳಗಿಟ್ಟು ಎದ್ದುಹೋಗುತ್ತಿದ್ದೆ.

"ಯಾಕ ಮೌಶಿ, ಬಿ.ಪಿ. ಇಳೀತೇನು?" ಎಂದು ಸುಮಾ ಕೈ ಹಿಡಿದು ನಾಡಿ ನೋಡಿದಳು.

ಎಲ್ಲ ಹೇಳಿದೆ. ಸುಮಾಳಿಗೆ ವಸುಧಾ ಗೊತ್ತಿತ್ತು. ಕನ್ನಡ ಸಂಘದ ಸಮ್ಮೇಳನದಲ್ಲಿ ಭೇಟಿಯಾದದ್ದಂತೆ. "ಡೆಟ್ರಾಯಿಟ್ ಹತ್ರ ಇರ್ತಾರ್ರಿ, ಸ್ಟರ್ಲಿಂಗ್ ಹೈಟ್ಸ್. ಕಾರಿನ ಬಣ್ಣದ ಎಂಜಿನಿಯರ್."

"ಬಣ್ಣದ?"

"ಹೂಂ. ಕಾರ್ ಪೇಂಟ್."

ಆ ಸಂಜೆ ಫೋನ್ ಮಾಡಿದೆ. ಹೆಸರು ಹೇಳಿ, ನೋಡಲು ಬರಲೇ ಎಂದು ಕೇಳಿದೆ.

"ಬನ್ನಿ ಮಿಸ್," ಎಂದಿತು ದನಿ. ಅಷ್ಟೇ.

ಮಿಷಿಗನ್ ದಾರಿ

ಶನಿವಾರ ಸುಮಾ ಡ್ರೈವ್ ಮಾಡಿದಳು. ಐದು ಗಂಟೆಗೂ ಮೀರಿದ ದಾರಿ. ಇಲ್ಲಿ ದೂರವನ್ನು ಮೈಲಿಯಲ್ಲಿ ಹೇಳುವುದಕ್ಕಿಂತ ಹೆದ್ದಾರಿಯಿಂದ ಹೊರಬೀಳುವ ಎಕ್ಸಿಟ್ ನಂಬರುಗಳಲ್ಲಿ ಹೇಳುವುದೇ ಹೆಚ್ಚು. ಎಡಗಡೆ ಎಲ್ಲೋ ದೊಡ್ಡ ಸರೋವರ ಇತ್ತಂತೆ; ನನಗೆ ಕಂಡದ್ದು ಆಕಾಶದ ಆ ಪಕ್ಕ ಮಾತ್ರ ಹೆಚ್ಚು ಬೆಳ್ಳಗಿದ್ದುದು. ಕ್ಷಮೆ ಕೇಳುವ ಮಾತನ್ನು ಇಂಗ್ಲಿಷಿನಲ್ಲಿ ಕಟ್ಟಿದೆ, ಕನ್ನಡದಲ್ಲಿ ಕಟ್ಟಿದೆ. ಇಂಗ್ಲಿಷಿನಲ್ಲಿ ಅದು ಸಲೀಸಾಗಿ ಬರುತ್ತಿತ್ತು, ರೈಲಿನಲ್ಲಿ ಕಾಲು ತುಳಿದವರು ಹೇಳುವ ಹಾಗೆ. ಕನ್ನಡದಲ್ಲಿ ಅರ್ಧಕ್ಕೇ ಮುರಿದು ಬೀಳುತ್ತಿತ್ತು. ಹಾಗಾದರೆ ಕನ್ನಡದಲ್ಲೇ ಕೇಳಬೇಕು ಎಂದುಕೊಂಡೆ.

"ಅಕಿ ಬೈದ್ರ ಏನ್ ಮಾಡ್ತೀರಿ ಮೌಶಿ?"

"ಕೇಳಿಸ್ಕೋತೀನಿ."

"ಬೈಲಿಲ್ಲಾ ಅಂದ್ರ?"

ನಾನು ಮುಂದಿನ ಎಕ್ಸಿಟ್ ನಂಬರನ್ನು ಗಟ್ಟಿಯಾಗಿ ಓದಿದೆ.

ಸ್ಟರ್ಲಿಂಗ್ ಹೈಟ್ಸ್

ಸುಮಾ ನನ್ನನ್ನು ಬಾಗಿಲಲ್ಲಿ ಇಳಿಸಿ ತನ್ನ ಗೆಳತಿಯ ಮನೆಗೆ ಹೋದಳು. ವಸುಧಾಳ ಗಂಡ ಊರಲ್ಲಿರಲಿಲ್ಲ. ಬಾಗಿಲು ತೆರೆದ ಅವಳ ತಲೆಯಲ್ಲಿ ಬೆಳ್ಳಿ ಎಳೆ, ಮೂಗಿನ ಮೇಲೆ ಕನ್ನಡಕ. ಆದರೆ ನೋಡುವ ರೀತಿ ಅದೇ, ಎದುರಿಗಿದ್ದ ವಸ್ತುವಿನಿಂದ ಕಣ್ಣು ಕದಲಿಸದೆ. ಕಾಲಿಗೆ ನಮಸ್ಕರಿಸಲಿಲ್ಲ. "ಶೂ ಇಲ್ಲಿ ಬಿಡಿ ಮಿಸ್," ಎಂದಳು.

ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟಳು. ದಾವಣಗೆರೆಯವರು ಜಗಳಕ್ಕೆ ಬಂದವರಿಗೂ ಮೊದಲು ಮಂಡಕ್ಕಿ ಕೊಡುತ್ತಾರೆ. ನಾನು ಮುಟ್ಟಲಿಲ್ಲ.

"ವಸುಧಾ, ಶಿಕಾಗೋದಲ್ಲಿ ಆ ಕೋಣೆ ನೋಡಿದೆ. ಗೋಡೆ ನೀಲಿ ಇದೆ. ನೀನು ಹೇಳಿದ್ದು ಸರಿ. ನಿನ್ನ ಪತ್ರದಲ್ಲಿ ನಾನು..."

"ಗೊತ್ತು ಮಿಸ್. ಓದಿದ್ದೆ."

"ಅಂಟಿಸಿ ಕೊಟ್ಟಿದ್ದೆನಲ್ಲ!"

"ಇಡ್ಲಿ ಪಾತ್ರೆ ಹಬೆ ಮೇಲೆ ಹಿಡಿದ್ರೆ ಯಾವ ಅಂಟು ನಿಲ್ಲುತ್ತೆ?" ನಗಲಿಲ್ಲ. "ಬರೋಡಾಕ್ಕೆ ಕಳಿಸ್ಲೇ ಇಲ್ಲ. ಸೀಟು ಸಿಗಲಿಲ್ಲ ಅಂತ ಎಲ್ಲರಿಗೂ ಸುಳ್ಳು ಹೇಳ್ದೆ. ನೀವು ಬರೆದದ್ದು ತಪ್ಪು ಅಂತ ಅನ್ನಿಸಿದ್ರೆ ಹರಿದು ಹಾಕಿ, ಇನ್ಯಾರ ಹತ್ರನಾದ್ರೂ ಬರೆಸ್ಕೋತಿದ್ದೆ. ನಾನು ನಂಬಿಬಿಟ್ಟೆ ಮಿಸ್. ನನ್ನ ಕಣ್ಣೇ ಸರಿ ಇಲ್ಲ ಅಂತ. ಒಂದು ವರ್ಷ ಸೀರೆ ತಗೊಳ್ಳೋಕೆ ಹೋದ್ರೆ, ಇದು ಯಾವ ಬಣ್ಣ ಅಂತ ತಂಗೀನ ಕೇಳ್ತಿದ್ದೆ."

ಅವಳು ಬಜ್ಜಿಯ ತಟ್ಟೆಯನ್ನು ನನ್ನತ್ತ ಸರಿಸಿ ಮುಂದುವರಿಸಿದಳು.

"ಇಲ್ಲಿ ಕೆಲಸಕ್ಕೆ ಅಪ್ಲೈ ಮಾಡಿದಾಗ ಒಂದು ಟೆಸ್ಟ್ ಕೊಟ್ರು. ಹತ್ತಾರು ಬಣ್ಣದ ಬಿಲ್ಲೆಗಳು, ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆ ವ್ಯತ್ಯಾಸ. ಸಾಲಾಗಿ ಜೋಡಿಸಬೇಕು. ಒಂದೊಂದನ್ನೂ ಎರಡೆರಡು ಸಲ ನೋಡಿ ಇಟ್ಟೆ. ಒಂದೂ ತಪ್ಪಿರಲಿಲ್ಲ. ಹೊರಗೆ ಬಂದು ಕಾರಲ್ಲಿ ಕೂತು ಅತ್ತೆ. ಖುಷಿಗಲ್ಲ, ಸಿಟ್ಟಿಗೆ."

ಆಮೇಲೆ ಎದ್ದು ಮನೆಯ ಹಿಂದಿನ ಮರದ ಜಗಲಿಗೆ, ಅವರ ಡೆಕ್ಕಿಗೆ, ಕರೆದಳು. ಕಟಕಟೆಯ ಮೇಲೆ ಅಂಗೈಯಗಲದ ಲೋಹದ ಹಾಳೆಗಳು, ಒಂದೊಂದಕ್ಕೂ ಒಂದೊಂದು ಬಣ್ಣ ಬಳಿದು ಬಿಸಿಲಿಗೆ ಮುಖ ಮಾಡಿ ಇಟ್ಟಿದ್ದವು. ಪ್ರತಿಯೊಂದರ ಅರ್ಧಕ್ಕೆ ಟೇಪು. ಬಿಸಿಲು, ಹಿಮ, ಮಳೆಗೆ ಬಣ್ಣ ಎಷ್ಟು ತಾಳುತ್ತದೆಂದು ನೋಡುವುದೇ ಅವಳ ಕೆಲಸ. ಆಫೀಸಿನವು ಬೇರೆ, ಇವು ಅವಳ ಸ್ವಂತ ಹುಚ್ಚಿಗೆ. ಒಂದು ಹಾಳೆಯ ಟೇಪು ಸುಲಿದಳು. ಮುಚ್ಚಿಕೊಂಡಿದ್ದ ಅರ್ಧ ಗಾಢ ನೇರಳೆ. ಬಿಸಿಲು ಕಂಡ ಅರ್ಧ ಪೇಲವ ನೀಲಿ.

"ಮುಂಚೆ ಎಲ್ಲಾ ಒಂದೇ ಬಣ್ಣ ಇತ್ತು. ಇದರಲ್ಲಿದ್ದ ಕೆಂಪು ಓಡಿಹೋಯ್ತು. ಅಗ್ಗದ ಕೆಂಪು, ಮೊದಲು ಹೋಗೋದು ಅದೇ. ನಿಮ್ಮ ಸ್ಲೈಡ್ ಫಿಲಂ ಉಲ್ಟಾ, ಅದರಲ್ಲಿ ನೀಲಿ ಕಡೆಯ ಬಣ್ಣ ಸತ್ತು ಕೆಂಪು ಉಳಿಯುತ್ತೆ." ಸ್ವಲ್ಪ ತಡೆದಳು. "ಮಿಸ್, ಒಂದು ಹೇಳ್ಲಾ? ಆ ಪೇಂಟರ್ ತಮ್ಮನಿಗೆ ಬರೆದ ಕಾಗದದಲ್ಲಿ ಗೋಡೆ ತಿಳಿ ನೇರಳೆ ಅಂತಿದೆ. ಮ್ಯೂಸಿಯಮ್‌ನೋರು ಬಣ್ಣ ಪರೀಕ್ಷೆ ಮಾಡಿ ನೋಡಿದಾರೆ. ಅವನು ಬಳಿದಾಗ ಗೋಡೆ ನೇರಳೇನೇ. ಆಮೇಲೆ ಕೆಂಪು ಹಾರಿ ನೀಲಿ ಆಗಿದ್ದು."

ನಾನು ಆ ಹಾಳೆಯನ್ನು ಎತ್ತಿ ಎರಡೂ ಅರ್ಧಗಳನ್ನು ನೋಡಿದೆ.

ಹಾಗಾದರೆ ಸಂಜೆ ಇತ್ತು! ಅವನು ಕರೆತಂದಿದ್ದ, ಅದು ಗೋಡೆಯಿಂದ ಸದ್ದಿಲ್ಲದೆ ಎದ್ದುಹೋಗಿತ್ತು. ನನ್ನ ಕೆಟ್ಟ ಸ್ಲೈಡು ಕೆಡುತ್ತ ಕೆಡುತ್ತ ಅವನ ನಿಜದ ಹತ್ತಿರ ಬಂದಿತ್ತು. ಒಂದು ಕ್ಷಣ, ಸುಳ್ಳೇಕೆ ಹೇಳಲಿ, ನನ್ನ ಬೆನ್ನು ನೆಟ್ಟಗಾಯಿತು. ಇಷ್ಟು ದೂರ ಬಂದು ನಾನೇ ಸರಿಯೆಂದು ಹಿಂದಿರುಗಬಹುದಿತ್ತು. ವಸುಧಾ ನನ್ನನ್ನೇ ನೋಡುತ್ತಿದ್ದಳು, ಆ ಕದಲದ ಕಣ್ಣಿನಿಂದ. ಅವಳು ಇದನ್ನು ಎಂದಿನಿಂದಲೋ ಬಲ್ಲಳು. ಬೇಕಿದ್ದರೆ ಹೇಳದೆಯೂ ಇರಬಹುದಿತ್ತು.

"ಇಲ್ಲ ವಸುಧಾ," ಎಂದೆ. "ಅದು ನನ್ನ ಅದೃಷ್ಟ, ವಿದ್ಯೆ ಅಲ್ಲ. ನೀನು ಕಂಡದ್ದನ್ನ ಹೇಳಿದೆ. ನಾನು ಆ ಸುರುಳಿ ಬಿಚ್ಚಲೇ ಇಲ್ಲ. ಬಿಚ್ಚಿದ್ದರೆ ಇಬ್ಬರೂ ಸೇರಿ ಕೇಳಬಹುದಿತ್ತು, ಯಾಕೆ ಎರಡು ಬಣ್ಣ ಅಂತ. ನಿನ್ನ ಕಣ್ಣಿನ ಬಗ್ಗೆ ನಾನು ಬರೆದದ್ದು ಸುಳ್ಳು. ಕ್ಷಮಿಸು ಅಂತ ಕೇಳೋಕೆ ಬಂದೆ."

ಅವಳು ಸುಲಿದ ಟೇಪನ್ನು ಬೆರಳಿಗೆ ಸುತ್ತುತ್ತ ನಿಂತಳು.

"ಕ್ಷಮಿಸಿದೆ ಅಂತ ಈಗಲೇ ಹೇಳೋಕಾಗಲ್ಲ ಮಿಸ್," ಎಂದಳು ಕೊನೆಗೆ. "ಬನ್ನಿ, ಮಂಡಕ್ಕಿ ಮೆತ್ತಗಾಗುತ್ತೆ. ಟೀಗೆ ಹಾಲು ಖಾಲಿ, ಅಂಗಡಿಗೆ ಹೋಗಿ ಬರೋಣ."

ಅಂಗಡಿಯ ಪಾರ್ಕಿಂಗ್

ಇಂಡಿಯನ್ ಗ್ರೋಸರಿಯ ಮುಂದಿನ ಬಯಲು ನಮ್ಮ ಹೈಸ್ಕೂಲು ಮೈದಾನದಷ್ಟಿತ್ತು. ಅಂಚಿನಲ್ಲಿ ಗುಡ್ಡೆ ಹಾಕಿದ ಹಿಮ ಕರಗದೆ ಕಪ್ಪಾಗಿ ಕೂತಿತ್ತು. ಸೂರ್ಯ ಇಳಿಯುವ ಹೊತ್ತು. ಹಾಲಿನ ಕ್ಯಾನು ಹಿಡಿದು ತನ್ನ ಕಾರಿನತ್ತ ನಡೆಯುತ್ತಿದ್ದ ವಸುಧಾ ಬೇರೆ ಯಾರದೋ ಕಾರೊಂದನ್ನು ಕಂಡು ತಟ್ಟನೆ ನಿಂತಳು.

"ಮಿಸ್, ಆ ಕಾರು ಯಾವ ಬಣ್ಣ?"

"ಬಿಳಿ."

"ನೋಡಿ ಹೇಳಿ."

"ಬಿಳೀನೇ, ವಸುಧಾ."

"ನೀವು ಕಾರು ಅಂತ ನೋಡ್ತಿದೀರಿ. ಮತ್ತೆ ನೋಡಿ." ದನಿಯಲ್ಲಿ ಮೃದುತ್ವವೇನೂ ಇರಲಿಲ್ಲ. ಮೂವತ್ತು ವರ್ಷ ನಾನು ಬಳಸಿದ ದನಿ ಅದು, ಅದನ್ನು ಆಚೆ ಬದಿಯಿಂದ ಕೇಳಿದ್ದು ಇದೇ ಮೊದಲು.

ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡೆ. ನೋಡಿದೆ. ಬಾನೆಟ್ಟಿನ ಮೇಲೆ ಆಕಾಶ ಮಲಗಿತ್ತು, ತೆಳುವಾಗಿ. ಬಾಗಿಲಿನ ಉಬ್ಬಿನಲ್ಲಿ ಮಾವಿನ ಹಣ್ಣಿನ ಸಿಪ್ಪೆಯಂಥ ಹಳದಿ ಒಂದು ಗೆರೆ. ಕೆಳಗೆ, ಚಕ್ರದ ಮೇಲೆ, ರಸ್ತೆಯ ಡಾಂಬರು ಬಂದು ಕೂತಿತ್ತು. ಬಿಳಿ ಎಲ್ಲಿದೆ ಎಂದು ಹುಡುಕಿದೆ. ಎಲ್ಲೂ ಇರಲಿಲ್ಲ.

"ಮೇಲೆ ತಿಳಿನೀಲಿ," ಎಂದೆ. "ಮಧ್ಯೆ ಹಳದಿ. ಕೆಳಗೆ..." ಅಲ್ಲಿದ್ದ ಬಣ್ಣಕ್ಕೆ ನನ್ನಲ್ಲಿ ಹೆಸರಿರಲಿಲ್ಲ. "ಕೆಳಗಿನದು ಗೊತ್ತಾಗ್ತಾ ಇಲ್ಲ ವಸುಧಾ. ನೀನೇ ಹೇಳು."

ಇಡೀ ಸರ್ವೀಸಿನಲ್ಲಿ ಯಾವ ಕ್ಲಾಸಿನ ಮುಂದೆಯೂ ನಾನು ಆಡಿರದ ಮಾತು.

ಅವಳು ಹಾಲಿನ ಕ್ಯಾನು ನೆಲಕ್ಕಿಟ್ಟಳು. ನನ್ನ ತೋಳು ಹಿಡಿದು, ಮೆಲ್ಲಗೆ, ಎರಡು ಹೆಜ್ಜೆ ಮುಂದಕ್ಕೆ ನಡೆಸಿದಳು. "ಹತ್ತಿರ ಬನ್ನಿ ಮಿಸ್. ಇಲ್ಲಿಂದ ನೋಡಿ. ನಂಗೂ ಗೊತ್ತಿಲ್ಲ, ನೋಡೋಣ."

ಇಬ್ಬರೂ ಬಗ್ಗಿ ನೋಡುತ್ತಿದ್ದೆವು. ಸಾಮಾನಿನ ಗಾಡಿ ತಳ್ಳುತ್ತ ಕಾರಿನ ಯಜಮಾನ ಬಂದ; ಯಾರೋ ಗಡ್ಡದ ದೊಡ್ಡ ಮನುಷ್ಯ. ತನ್ನ ಕಾರಿನ ಮುಂದೆ ಬಾಗಿ ನಿಂತ ಸೀರೆಯ ಮುದುಕಿಯನ್ನೂ ಅವಳ ತೋಳು ಹಿಡಿದವಳನ್ನೂ ಕಂಡು ಗಾಬರಿಯಾದ.

"ಸಮ್‌ಥಿಂಗ್ ರಾಂಗ್ ವಿತ್ ಮೈ ಕಾರ್?"

"ನೋ ಸರ್," ಎಂದಳು ವಸುಧಾ, ತೋಳು ಬಿಡದೆ. "ವಿ ಆರ್ ಓನ್ಲಿ ಲುಕಿಂಗ್."

ಅವನು ನಮ್ಮನ್ನೊಮ್ಮೆ ನೋಡಿದ. ಆಮೇಲೆ ಗಾಡಿ ನಿಲ್ಲಿಸಿ, ಕೈಕಟ್ಟಿ, ತಲೆ ಒಂದಿಷ್ಟು ಓರೆ ಮಾಡಿ, ಅವನೂ ತನ್ನ ಕಾರನ್ನು ನೋಡತೊಡಗಿದ.